ದಣಪೆಯವರೆಗೆ ಬಂದ ಟ್ರ್ಯಾಕ್ಟರು

ಯಲ್ಲಾಪುರ, ಶಿರಸಿ, ಸಿದ್ದಾಪುರ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ಪ್ರವಾಸಪ್ರಿಯರಿಗೆ ನೆನಪಾಗುವುದು ಜಲಪಾತಗಳು. ಮಾಗೋಡು, ಸಾತೊಡ್ಡಿ, ಉಂಚಳ್ಳಿ, ಜೋಗ ಎಂದು ಬೆರಳು ಮಡಿಸುತ್ತ ಹೋಗಬಹುದು. ಕಳೆದ ಮಾರ್ಗಶಿರ ಮಾಸದಲ್ಲಿ ನಾವು ಆ ಸೀಮೆಗೆ ಹೊರಟಾಗ ಮನೆಯವರ ಕೈಯಲ್ಲಿಯೂ ಇಂಥದೊಂದು ಪಟ್ಟಿಯಿತ್ತು. ಆದರೆ ಪ್ರವಾಸದ ನಿಜವಾದ ಉದ್ದೇಶ ಬೇರೆಯೇ ಆಗಿತ್ತು. ನಾವು ಹೊರಟದ್ದು ಒಂದು ಟ್ರ್ಯಾಕ್ಟರಿನ ಹೆಸರನ್ನು ತಿಳಿದುಕೊಂಡು ಬರಲು.

ನಗುವ ಮೊದಲು ಓದುಗರು ಕಾರಣವನ್ನು ಕೇಳಬೇಕು. ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಹಳೆಯ ಚಲನಚಿತ್ರಗಳೆಂದರೆ ಅವನಿಗೆ ಪ್ರಾಣ. ಆದರೆ ಅವನಿಗೆ ನಾಯಕನೂ ಬೇಡ, ನಾಯಿಕೆಯೂ ಬೇಡ, ಹಾಡಂತೂ ಬೇಡವೇ ಬೇಡ. ತೆರೆಯ ಮೇಲೆ ಎಲ್ಲಿಯಾದರೂ ಒಂದು ಟ್ರ್ಯಾಕ್ಟರು ಹಾದುಹೋದರೆ ಸಾಕು, ಚಿತ್ರವನ್ನು ಅಲ್ಲಿಯೇ ನಿಲ್ಲಿಸಿ, ಅದನ್ನು ತಯಾರಿಸಿದವರು ಯಾರು, ಯಾವ ಮಾದರಿ, ಯಾವ ಕಾಲದ್ದು ಎಂಬುದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದಿಡುತ್ತಾನೆ. ನಾಯಿಕೆ ಕಣ್ಣೀರು ಸುರಿಸುತ್ತಿರುವಾಗ ಈತ ಹಿಂದಿನ ಚಕ್ರದ ಎತ್ತರವನ್ನು ಲೆಕ್ಕ ಹಾಕುತ್ತಿರುತ್ತಾನೆ ಎಂಬುದು ಅಕ್ಕನ ದೂರು.

ಇಂಥವನನ್ನು ಒಂದು ದೃಶ್ಯ ಸೋಲಿಸಿತ್ತು. ಅದೊಂದು ಹಳೆಯ ಕಪ್ಪು-ಬಿಳುಪು ಚಿತ್ರ. ಹಳ್ಳಿಗೆ ಮೊದಲ ಟ್ರ್ಯಾಕ್ಟರು ಬಂದ ಸಂಭ್ರಮ. ಯಂತ್ರದ ಮೂತಿಯ ತುಂಬ ಚೆಂಡುಹೂವಿನ ಮಾಲೆ, ಎರಡು ಪಕ್ಕಕ್ಕೂ ಬಾಳೆಯ ಕಂದು, ಸುತ್ತಲೂ ಊರ ಜನ. ಹತ್ತು ಸೆಕೆಂಡು ಕಳೆಯುವುದರೊಳಗೆ ಅದು ಹೊರಟು ಮರೆಯಾಗುತ್ತದೆ. ಮೂತಿ ಕಾಣದೆ ಗುರುತು ಹೇಗೆ? ಹುಡುಗ ಎರಡು ತಿಂಗಳು ಒದ್ದಾಡಿದ. ಕೊನೆಗೆ ಶಿರಸಿಯ ಸ್ನೇಹಿತರೊಬ್ಬರು, “ಸಿದ್ದಾಪುರದ ಹತ್ತಿರ ಒಬ್ಬ ಹಳೆಯ ಡ್ರೈವರಿದ್ದಾರೆ. ಹಳೆಯ ಗಾಡಿಗಳೆಲ್ಲ ಅವರ ಕೈಯಲ್ಲಿ ಪಳಗಿದವು. ಕರೆದುಕೊಂಡು ಬನ್ನಿ, ತೋರಿಸೋಣ” ಎಂದು ತಿಳಿಸಿದರು. ಹೀಗೆ ನಮ್ಮ ಸವಾರಿ ಹೊರಟಿತು.

ಗುರುತು ಹಿಡಿಯುವ ವಿದ್ಯೆ

ದಾರಿಯುದ್ದಕ್ಕೂ ಹುಡುಗನಿಂದ ನನಗೆ ಪಾಠವಾಯಿತು. ಬಣ್ಣದ ಚಿತ್ರವಾದರೆ ಕೆಲಸ ಸುಲಭವಂತೆ. ನೀಲಿ ಒಡಲಿಗೆ ಕಿತ್ತಳೆ ಬಣ್ಣದ ಚಕ್ರಗಳಿದ್ದರೆ ಅದು ಇಂಗ್ಲೆಂಡಿನ ಫೋರ್ಡ್‌ಸನ್ ಮೇಜರ್ ಇರಬಹುದು. ಮೂತಿಯ ಮೇಲೆ ಮೂರು ತ್ರಿಕೋನಗಳ ಮುದ್ರೆಯಿದ್ದರೆ ಅದು ಮ್ಯಾಸಿ ಫರ್ಗ್ಯುಸನ್. ಕಪ್ಪು-ಬಿಳುಪು ಚಿತ್ರದಲ್ಲಿ ಬಣ್ಣದ ಆಸರೆಯಿಲ್ಲ. ಅಲ್ಲಿ ಆಕಾರವನ್ನೇ ನಂಬಬೇಕು. ಹೊಗೆಕೊಳವೆ ಮೇಲಕ್ಕೆ ನಿಂತಿದೆಯೋ, ಕೆಳಗೆ ಅಡಗಿದೆಯೋ. ದೀಪಗಳು ಮೂತಿಯ ಮೇಲಿವೆಯೋ, ಮಡ್‌ಗಾರ್ಡಿನ ಮೇಲಿವೆಯೋ. ಎದುರಿಗೆ ರೇಡಿಯೇಟರು ಇದೆಯೋ ಇಲ್ಲವೋ. ಜರ್ಮನಿಯಲ್ಲಿ ಹುಟ್ಟಿದ ಐಷರ್ ಟ್ರ್ಯಾಕ್ಟರಿನ ಯಂತ್ರವನ್ನು ಗಾಳಿಯೇ ತಂಪುಮಾಡುವುದರಿಂದ ಅದಕ್ಕೆ ನೀರಿನ ರೇಡಿಯೇಟರು ಬೇಕಿಲ್ಲ. ಜರ್ಮನಿಯದೇ ಆದ ಲಾಂಜ್ ಬುಲ್‌ಡಾಗ್‌ನ ರೀತಿ ಇನ್ನೂ ವಿಚಿತ್ರ. ಅದಕ್ಕೆ ಒಂದೇ ಸಿಲಿಂಡರು. ಚಾಲಕನು ಸ್ಟಿಯರಿಂಗ್ ಚಕ್ರವನ್ನು ಕಿತ್ತು ತಂದು, ಪಕ್ಕದ ಭಾರವಾದ ಗಾಲಿಗೆ ಸಿಕ್ಕಿಸಿ, ತಿರುಗಿಸಿ ಯಂತ್ರವನ್ನು ಎಚ್ಚರಿಸುತ್ತಿದ್ದನು.

“ಸದ್ದಿನಿಂದ ಗುರುತು ಹಿಡಿಯಬಹುದಲ್ಲ?” ಎಂದು ಕೇಳಿದೆ.

“ಸದ್ದನ್ನು ಮಾತ್ರ ನಂಬಬಾರದು, ಮಾವ. ಎಷ್ಟೋ ಚಿತ್ರಗಳಲ್ಲಿ ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿರುತ್ತಾರೆ. ಕಾಣುವುದು ಒಂದು ಗಾಡಿ, ಗುಡುಗುವುದು ಇನ್ನೊಂದು” ಎಂದನು.

ಗುರುತು ಹಿಡಿದ ಮೇಲೆ ಪ್ರಯೋಜನವೇನು ಎಂಬ ಪ್ರಶ್ನೆಗೂ ಅವನಲ್ಲಿ ಉತ್ತರ ಸಿದ್ಧವಾಗಿತ್ತು. ಮೆಹಬೂಬ್ ಖಾನರ ‘ಮದರ್ ಇಂಡಿಯಾ’ ಚಿತ್ರ ತೆರೆಕಂಡದ್ದು 1957ರಲ್ಲಿ. ಅದರ ಆರಂಭದಲ್ಲಿ ಮುದುಕಿಯಾದ ರಾಧೆ ಮಣ್ಣಿನ ಹೆಂಟೆಯನ್ನು ಕೈಯಲ್ಲಿ ಹಿಡಿದಿರುವಾಗ ಸುತ್ತ ಹೊಸ ಕಾಲದ ಟ್ರ್ಯಾಕ್ಟರುಗಳು ಓಡಾಡುತ್ತವೆ. ನಮ್ಮ ದೇಶದಲ್ಲಿ ಮೊದಲ ಟ್ರ್ಯಾಕ್ಟರು ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಂದದ್ದು 1959ರಲ್ಲಿ. ಮದರಾಸಿನ ಟಾಫೆ ಸಂಸ್ಥೆ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳನ್ನು ತಯಾರಿಸತೊಡಗಿದ್ದು ಅದಕ್ಕೂ ಅನಂತರ. ಹಾಗಾದರೆ ಹೊಸ ಭಾರತದ ಸಂಕೇತವೆಂದು ತೆರೆಯ ಮೇಲೆ ಮೆರೆದ ಆ ಯಂತ್ರಗಳು ಪರದೇಶದಿಂದ ಹಡಗು ಹತ್ತಿ ಬಂದವೇ ಆಗಿರಬೇಕು. ಇದರಲ್ಲಿ ಅಗೌರವದ ಮಾತೇನೂ ಇಲ್ಲ. 1949ರಲ್ಲಿ ವಿಶ್ವಬ್ಯಾಂಕು ನಮಗೆ ಕೊಟ್ಟ ಎರಡನೆಯ ಸಾಲ, 1 ಕೋಟಿ ಡಾಲರು, ಕೃಷಿಯಂತ್ರಗಳನ್ನು ತರಿಸುವುದಕ್ಕಾಗಿಯೇ ಆಗಿತ್ತು. ಆಳವಾಗಿ ಬೇರುಬಿಟ್ಟ ಕಾಂಸ್ ಎಂಬ ಕಳೆಹುಲ್ಲಿನಿಂದ ಪಾಳುಬಿದ್ದ ಭೂಮಿಯನ್ನು ಉತ್ತು ಹಸನುಮಾಡಿ, ಹಸಿದ ದೇಶಕ್ಕೆ ಅನ್ನ ಬೆಳೆಯಬೇಕಾಗಿತ್ತು.

ಸಿನೆಮಾದಲ್ಲಿ ಟ್ರ್ಯಾಕ್ಟರಿಗೆ ಎರಡೇ ಪಾತ್ರಗಳು. ರಷ್ಯದ ಐಸೆನ್‌ಸ್ಟೈನರು 1929ರಲ್ಲಿ ತೆಗೆದ ‘ಹಳತು ಮತ್ತು ಹೊಸತು’ ಚಿತ್ರದಲ್ಲಿ ಒಂದು ಟ್ರ್ಯಾಕ್ಟರು ಸಾಲುಸಾಲು ಬಂಡಿಗಳನ್ನು ಎಳೆದುಕೊಂಡು ಹೋಗುತ್ತದೆ. ಅಲ್ಲಿ ಅದು ದೇವರು. ಅಮೆರಿಕದ ಜಾನ್ ಫೋರ್ಡರ ‘ದಿ ಗ್ರೇಪ್ಸ್ ಆಫ್ ರಾತ್’ ಬಂದದ್ದು 1940ರಲ್ಲಿ. ಅದರಲ್ಲಿ ಟ್ರ್ಯಾಕ್ಟರು ಗೇಣಿದಾರನ ಮನೆಯನ್ನೇ ಕೆಡವಿ ಮುಂದೆ ಸಾಗುತ್ತದೆ. ಅಲ್ಲಿ ಅದು ಅಸುರ. ದೇವರಾದರೂ ಸರಿ, ಅಸುರನಾದರೂ ಸರಿ, ಅದು ಬಂತೆಂದರೆ ಮನುಷ್ಯನ ಮೈದುಡಿಮೆಯ ಕಾಲ ಮುಗಿಯಿತು ಎಂದೇ ಚಿತ್ರದ ಅರ್ಥ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದು ನನಗೆ ತಿಳಿದದ್ದು ಘಟ್ಟದ ಸೀಮೆಯನ್ನು ಹೊಕ್ಕ ಮೇಲೆ.

ಬಯಲು ಮುಗಿಯುವ ಜಾಗ

ಹುಬ್ಬಳ್ಳಿಯಿಂದ ಕಲಘಟಗಿಯವರೆಗೆ ದಾರಿಯ ತುಂಬ ಟ್ರ್ಯಾಕ್ಟರುಗಳದೇ ರಾಜ್ಯ. ಕಬ್ಬು ಹೇರಿದ ಟ್ರೇಲರುಗಳು ತೂಗಾಡುತ್ತ ಬರುತ್ತಿದ್ದರೆ ನಮ್ಮ ಕಾರು ಪಕ್ಕಕ್ಕೆ ಸರಿದು ನಮಸ್ಕಾರ ಮಾಡಬೇಕು. ಹುಡುಗ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಎಣಿಸುತ್ತಿದ್ದನು. ಕಿರವತ್ತಿ ದಾಟಿತು; ತೇಗದ ಮರಗಳು ದಟ್ಟವಾದವು; ಅವನ ಎಣಿಕೆ ನಿಧಾನವಾಯಿತು. ಯಲ್ಲಾಪುರ ದಾಟಿ ಮಾಗೋಡಿನ ದಾರಿ ಹಿಡಿಯುವ ಹೊತ್ತಿಗೆ ಎಣಿಕೆ ನಿಂತೇಹೋಯಿತು.

ಬೇಡ್ತಿ ನದಿ ಮಾಗೋಡಿನಲ್ಲಿ ಎರಡು ಹಂತವಾಗಿ ಸುಮಾರು 200 ಮೀಟರು ಕೆಳಕ್ಕೆ ಬೀಳುತ್ತದೆ. ಎದುರಿನ ಕಟ್ಟೆಯ ಮೇಲೆ ನಿಂತು ಆ ಪ್ರಪಾತವನ್ನು ಕಂಡವರಿಗೆ ಈ ನೆಲದ ಸ್ವಭಾವ ತಾನಾಗಿಯೇ ಅರ್ಥವಾಗುತ್ತದೆ. ಇದು ಸಮನೆಲವಲ್ಲ, ಮಡಿಸಿಟ್ಟ ಸೀರೆಯಂತೆ ನೆರಿಗೆ ನೆರಿಗೆಯಾದ ನೆಲ. ಒಂದೊಂದು ನೆರಿಗೆಯ ತಳದಲ್ಲಿ ಒಂದೊಂದು ಅಡಿಕೆತೋಟ. ತೋಟದ ಸುತ್ತ ಗುಡ್ಡದ ಮೇಲೆ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಕಾಡಿಲ್ಲದೆ ತೋಟವಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದದ್ದರ ಹಿಂದೆ ಈ ಲೆಕ್ಕವೂ ಇತ್ತು.

ಇಂಥ ತೋಟದೊಳಕ್ಕೆ ಟ್ರ್ಯಾಕ್ಟರು ಹೋಗುವುದು ಹೇಗೆ? ಮರದಿಂದ ಮರಕ್ಕೆ ಈಗ ಶಿಫಾರಸು ಮಾಡುವ ಅಂತರ ಸುಮಾರು 9 ಅಡಿ. ಹಳೆಯ ತೋಟಗಳಲ್ಲಿ ಅದಕ್ಕಿಂತ ಕಡಿಮೆಯೂ ಉಂಟು. ಸಾಮಾನ್ಯ ಟ್ರ್ಯಾಕ್ಟರಿನ ಅಗಲವೇ 5 ಅಡಿಗಿಂತ ಹೆಚ್ಚು. ಮರಗಳ ನಡುವೆ ಬಾಳೆ, ಏಲಕ್ಕಿ, ಮರವನ್ನು ತಬ್ಬಿದ ಮೆಣಸಿನ ಬಳ್ಳಿ, ಸಾಲುಸಾಲಿಗೂ ಬಸಿಗಾಲುವೆ. ಮೆತ್ತಗಿನ ಮಣ್ಣು, ಮೇಲೆಯೇ ಹರಡಿದ ಬೇರು. ಕಾಲುವೆಯ ಮೇಲೆ ಹಾಕಿದ ಅಡಿಕೆಮರದ ಸಂಕ ಮನುಷ್ಯನನ್ನು ತಡೆದೀತೇ ಹೊರತು ಯಂತ್ರವನ್ನಲ್ಲ. ಆದುದರಿಂದ ಟ್ರ್ಯಾಕ್ಟರು ತೋಟದ ದಣಪೆಯವರೆಗೆ ಬರುತ್ತದೆ. ದಣಪೆಯೆಂದರೆ ಎರಡು ಕಂಬಗಳ ತೂತಿಗೆ ಅಡ್ಡಗಳುಗಳನ್ನು ತೂರಿಸಿ ಮಾಡಿದ ಬಾಗಿಲು. ದನಕರುಗಳಿಗೆ ಅದು ಹೇಗೆ ಗಡಿಯೋ, ಟ್ರ್ಯಾಕ್ಟರಿಗೂ ಹಾಗೆಯೇ.

ಶಿರಸಿಯ ಪೇಟೆಯಲ್ಲಿ

ಮಂಚಿಕೇರಿ, ಸೋಂದೆಗಳ ಮೇಲೆ ಹಾದು ಶಿರಸಿಗೆ ಬಂದೆವು. 1688ರಲ್ಲಿ ಕಟ್ಟಿದ ಮಾರಿಕಾಂಬೆಯ ಗುಡಿಯಲ್ಲಿ ಕೈಮುಗಿದು, ಅಡಿಕೆಯ ಪೇಟೆಗೆ ಕಾಲಿಟ್ಟೆವು. ಕೊನೆಕೊಯ್ಲಿನ ಕಾಲ. ಬೇಯಿಸಿದ ಅಡಿಕೆಯ ಒಗರುವಾಸನೆ ಊರಿಗೆ ಊರನ್ನೇ ಹಿಡಿದಿತ್ತು. ಇಲ್ಲಿಯ ತೋಟಿಗರು 1923ರಲ್ಲಿಯೇ ತಮ್ಮ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡವರು. ಹೊಸತೆಂದರೆ ಹಿಂಜರಿಯುವ ಜನ ಇವರೆಂದು ಯಾರೂ ಹೇಳಲಾರರು. ಅಡಿಕೆ ಸುಲಿಯುವ ಯಂತ್ರ ಬಂದಿತು. ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಕುಳಿತಿರುತ್ತಿದ್ದ ಹೆಂಗಸರಿಗೆ ಕೊಂಚ ನಿದ್ದೆ ಸಿಕ್ಕಿತು. ಮರದಿಂದ ಮರಕ್ಕೆ ಹಾರಿ ಕೊನೆ ಇಳಿಸುವ ಕೊನೆಗೌಡರು ವಿರಳವಾದಂತೆ, ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಹಗುರವಾದ ಕಾರ್ಬನ್ ಫೈಬರಿನ ದೋಟಿ ಬಂದಿದೆ. ನೆಲಕ್ಕೆ ಒಗ್ಗುವ ಯಂತ್ರವನ್ನು ಇವರು ಬೇಡವೆಂದದ್ದಿಲ್ಲ. ಬನವಾಸಿಯ ಕಡೆಗೆ ನೆಲ ಸಮವಾಗಿ, ಗದ್ದೆಗಳೂ ಅನಾನಸಿನ ಹೊಲಗಳೂ ಹರಡಿಕೊಂಡಲ್ಲಿ ಟ್ರ್ಯಾಕ್ಟರು ಮತ್ತೆ ಪ್ರತ್ಯಕ್ಷವಾಗುತ್ತದೆ.

ರಾತ್ರಿ ಸ್ನೇಹಿತರ ಮನೆಯಲ್ಲಿ ಊಟವಾಗುವಾಗ ಸಿನೆಮಾದ ಮಾತೇ ಬಂದಿತು. “ಯಾಣದ ಬಂಡೆಗಳು ಮೊದಲಿನಿಂದಲೂ ಅಲ್ಲಿಯೇ ನಿಂತಿದ್ದವು” ಎಂದರು ಅವರು. “1996ರಲ್ಲಿ ಸುನೀಲ್‌ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೇ’ ಬಂದ ಮೇಲೆ ಊರೂರಿನಿಂದ ಜನ ಹುಡುಕಿಕೊಂಡು ಬರತೊಡಗಿದರು. ತೆರೆಯ ಮೇಲೆ ಕಂಡದ್ದೇ ಇದೆ ಎನಿಸುತ್ತದೆ. ಕಾಣದ್ದು ಇದ್ದರೂ ಇಲ್ಲ.” ಆ ಮಾತನ್ನು ನಾನು ಆಗ ಅಷ್ಟಾಗಿ ಗಮನಿಸಲಿಲ್ಲ.

ಅಂಗಳದಲ್ಲಿ ನಡೆದದ್ದು

ಮರುದಿನ ಕಾನಸೂರಿನ ಮೇಲೆ ಸಿದ್ದಾಪುರದ ಕಡೆಗೆ ಹೋದೆವು. ಹೆದ್ದಾರಿಯಿಂದ ಇಳಿದು, ಕೆಮ್ಮಣ್ಣಿನ ರಸ್ತೆಯಲ್ಲಿ ಎರಡು ಮೈಲಿ ಸಾಗಿದ ಮೇಲೆ ಒಂದು ಹಂಚಿನ ಮನೆ. ಎಪ್ಪತ್ತೈದು ದಾಟಿದ ಯಜಮಾನರು ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ಸುತ್ತಲಿನವರೆಲ್ಲ ಅವರನ್ನು ಡ್ರೈವರಣ್ಣ ಎಂದೇ ಕರೆಯುವುದು. ಅವರ ಹೆಂಡತಿ ಆಸರಿಗೆಂದು ಬೆಲ್ಲವನ್ನೂ ನೀರನ್ನೂ ತಂದಿಟ್ಟರು.

ಬಂದ ಕಾರಣ ಕೇಳಿ ಡ್ರೈವರಣ್ಣ ನಗಲಿಲ್ಲ. ಕಣ್ಣಿಗೆ ಕನ್ನಡಕ ಏರಿಸಿ, ಹುಡುಗನ ಮೊಬೈಲನ್ನು ಎರಡು ಕೈಯಲ್ಲೂ ಹಿಡಿದು ನೋಡಿದರು. ಹೂವಿನ ಮಾಲೆ, ಬಾಳೆಯ ಕಂದು, ಜನ, ಹೊರಟ ಟ್ರ್ಯಾಕ್ಟರು.

“ಇನ್ನೊಂದು ಸಲ ಹಾಕು, ತಮ್ಮಾ.”

ಎರಡನೆಯ ಸಲಕ್ಕೆ ಅವರ ಮುಖ ಅರಳಿತು. “ಇದು ಫರ್ಗ್ಯುಸನ್. ಬೂದು ಬಣ್ಣದ್ದು. ನಮ್ಮದೇ ಜಾತಿಯದು!”

“ಮೂತಿಯೇ ಕಾಣುವುದಿಲ್ಲವಲ್ಲ ಅಜ್ಜಾ, ಹೇಗೆ ತಿಳಿಯಿತು?”

“ಮೂತಿ ಯಾಕೆ ನೋಡ್ತೀ? ಅವನ ಕೈ ನೋಡು. ಕೀಲಿ ತಿರುಗಿಸಲಿಲ್ಲ, ಗುಂಡಿ ಒತ್ತಲಿಲ್ಲ, ಮುಂದೆ ಹೋಗಿ ಹ್ಯಾಂಡಲ್ ಹೊಡೆಯಲಿಲ್ಲ. ಗೇರಿನ ಕಡ್ಡಿಗೆ ಕೈ ಹಾಕಿದ, ಗಾಡಿ ನಡುಗಿತು. ಗೇರಿನ ಕಡ್ಡಿಯಿಂದಲೇ ಚಾಲೂ ಆಗುವ ಗಾಡಿ ನಾನು ಕಂಡದ್ದು ಅದೊಂದೇ.”

ಹುಡುಗ ಕೂತಲ್ಲಿಂದ ಎದ್ದುಬಿಟ್ಟನು. ಸರಿಯಾಗಿತ್ತು. ಹ್ಯಾರಿ ಫರ್ಗ್ಯುಸನರ ಟಿಇ-20 ಮಾದರಿಯಲ್ಲಿ ಗೇರಿನ ಕಡ್ಡಿಯನ್ನು ಒಂದು ವಿಶೇಷ ಸ್ಥಾನಕ್ಕೆ ತಳ್ಳಿದರೆ ಮಾತ್ರ ಯಂತ್ರ ಎಚ್ಚರಗೊಳ್ಳುತ್ತಿತ್ತು. ಗೇರು ಹಾಕಿದ್ದಾಗ ಆಕಸ್ಮಿಕವಾಗಿ ಚಾಲೂ ಆಗಿ ಮುನ್ನುಗ್ಗುವ ಅಪಾಯ ಅದರಿಂದ ತಪ್ಪುತ್ತಿತ್ತು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರ ವರೆಗೆ ಇಂಥವು 5 ಲಕ್ಷಕ್ಕಿಂತ ಹೆಚ್ಚು ತಯಾರಾದವು. ಅವನು ನೂರು ಸಲ ನೋಡಿದ ದೃಶ್ಯದಲ್ಲಿ ಆ ಕೈ ಇತ್ತು. ಅವನ ಕಣ್ಣು ಮಾತ್ರ ಮಾಲೆಯ ಹಿಂದೆ ಇಣುಕುತ್ತಿತ್ತು.

ಡ್ರೈವರಣ್ಣನ ಮಾತಿನ ಕಟ್ಟೆ ಒಡೆಯಿತು. ಊರಿನ ಸಾಹುಕಾರರೊಬ್ಬರು ಬಯಲುಸೀಮೆಯಿಂದ ಹಳೆಯ ಫರ್ಗ್ಯುಸನ್ ಒಂದನ್ನು ಕೊಂಡು ತಂದಾಗ ಇವರು ಹದಿಹರೆಯದ ಹುಡುಗ. ಅದರ ಮೇಲೆಯೇ ಕಲಿತರು. ಹದಿನಾಲ್ಕು ವರ್ಷ ಓಡಿಸಿದರು. ಕಲ್ಲು, ಗೊಬ್ಬರ, ಮದುವೆಯ ದಿಬ್ಬಣ, ಜಾತ್ರೆಯ ಜನ ಎಲ್ಲವನ್ನೂ ಹೊತ್ತು ತಂದರು. ಸಾಹುಕಾರರ ಮನೆ ಹಿಸೆಯಾದಾಗ ಟ್ರ್ಯಾಕ್ಟರು ಗುಜರಿಯವನ ಪಾಲಾಯಿತು. “ಅದರದೊಂದು ಫೋಟೋ ಇಲ್ಲ, ನೋಡಿ. ಮನೆಯವರ ಫೋಟೋ ತೆಗೆಸುವುದೇ ದುರ್ಲಭವಾಗಿದ್ದ ಕಾಲ. ಗಾಡಿಯದು ಯಾರು ತೆಗೆಸುತ್ತಾರೆ?” ಎಂದವರು, ಮತ್ತೊಮ್ಮೆ ಆ ಹತ್ತು ಸೆಕೆಂಡುಗಳನ್ನು ನೋಡಿದರು.

ಅಲ್ಲಿಯವರೆಗೆ ಕಂಬಕ್ಕೆ ಒರಗಿ ನಿಂತಿದ್ದ ಅವರ ಹೆಂಡತಿಯೂ ಈಗ ಬಗ್ಗಿ ನೋಡಿದರು. ಅವರ ದೃಷ್ಟಿ ಟ್ರ್ಯಾಕ್ಟರಿನ ಮೇಲೆ ನಿಲ್ಲಲಿಲ್ಲ.

“ಈ ಬದಿಗೆ ಬುಟ್ಟಿ ಹೊತ್ತು ನಿಂತವರು ಯಾರು, ತಮ್ಮಾ?”

ಹುಡುಗ ದೃಶ್ಯವನ್ನು ನಿಲ್ಲಿಸಿದನು. ತೆರೆಯ ಎಡತುದಿಯಲ್ಲಿ, ಅರ್ಧ ಕತ್ತರಿಸಿಹೋದಂತೆ, ಮಣ್ಣಿನ ಬುಟ್ಟಿಗಳನ್ನು ಹೊತ್ತ ಇಬ್ಬರು ಹೆಂಗಸರು ನಿಂತಿದ್ದರು. ಅವನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.

“ಗೊತ್ತಿಲ್ಲ ಅಜ್ಜೀ” ಎಂದನು.

“ನನಗೆ ಗೊತ್ತುಂಟು” ಎಂದು ಆಕೆ ನಕ್ಕರು. “ನಮ್ಮಂಥವರೇ. ಇವರು ಟ್ರೇಲರಿನಲ್ಲಿ ಮಣ್ಣು ತಂದು ದಣಪೆಯ ಹತ್ತಿರ ಸುರಿದು, ಬೀಡಿ ಹಚ್ಚಿ ಕೂತರೆ ಇವರ ಕೆಲಸ ಮುಗಿಯಿತು. ಅಲ್ಲಿಂದ ಒಳಗೆ ಮರದ ಬುಡಬುಡಕ್ಕೆ ಹೊತ್ತು ಹಾಕುವುದು ನಾವು. ಒಂದು ಟ್ರೇಲರಿಗೆ ನೂರೈವತ್ತು ಬುಟ್ಟಿ. ಲೆಕ್ಕ ತಪ್ಪಬಾರದೆಂದು ಒಂದು ಬುಟ್ಟಿಗೆ ಒಂದು ಹರಳು ದಣಪೆಯ ಬುಡದಲ್ಲಿ ಇಡುತ್ತಿದ್ದೆವು. ಮೊದಲು ಎತ್ತಿನ ಗಾಡಿಯಲ್ಲಿ ಮಣ್ಣು ಬರುವಾಗ ಬುಟ್ಟಿ ಕಡಿಮೆಯಿತ್ತು. ಎತ್ತಿಗೂ ದಣಿವಾಗುತ್ತದಲ್ಲ, ನಮಗೂ ಕೂರಲು ಸಿಗುತ್ತಿತ್ತು. ಟ್ರ್ಯಾಕ್ಟರು ಬಂದ ಮೇಲೆ ಅದಕ್ಕೆ ದಣಿವಿಲ್ಲ. ಹಾಗಾಗಿ ನಮಗೂ ಕೂರಲಿಕ್ಕಿಲ್ಲ.”

ಮಾತಿನಲ್ಲಿ ದೂರಿನ ದನಿಯಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುವಂತೆ ಹೇಳಿದರು. ಡ್ರೈವರಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ, “ಹೌದು, ಹೌದು” ಎಂದರು. ಐವತ್ತು ವರ್ಷ ಜೊತೆಗೆ ಬಾಳಿದ ಆ ದಂಪತಿಗಳು ಈ ವಿಷಯವನ್ನು ಮೊದಲೂ ಮಾತನಾಡಿದ್ದರೋ ಏನೋ. ನಮಗೆ ಮಾತ್ರ ಅದು ಹೊಸತು. ನಮ್ಮ ಪುಸ್ತಕಗಳಲ್ಲಿ ಯಂತ್ರ ಬಂದರೆ ದುಡಿಮೆ ಇಳಿಯುತ್ತದೆ. ದಣಪೆಯವರೆಗಿನ ದುಡಿಮೆ ಇಳಿದದ್ದೂ ನಿಜ. ಆದರೆ ದಣಪೆಯ ಒಳಗಿನದು ಅದೇ ಕಾರಣಕ್ಕೆ ಏರಿತೆಂಬುದನ್ನು ಬರೆದಿಟ್ಟವರು ಕಡಿಮೆ.

ಸಂಜೆ ಜೋಗದ ಕಡೆಗೆ ಹೊರಟೆವು. ದಾರಿಯಲ್ಲಿ ಒಂದು ತೋಟದ ಮುಂದೆ ಕೆಂಪು ಟ್ರ್ಯಾಕ್ಟರೊಂದು ನಿಂತಿತ್ತು. ಹಿಂದಿನ ಟ್ರೇಲರಿನಿಂದ ಗೊಬ್ಬರ ಇಳಿಯುತ್ತಿತ್ತು. ನಾನು ಅಭ್ಯಾಸಬಲದಿಂದ, “ಅದು ಯಾವ ಮಾದರಿಯಪ್ಪಾ?” ಎಂದೆ. ಹುಡುಗ ಉತ್ತರ ಕೊಡಲಿಲ್ಲ. ಕಾರು ನಿಲ್ಲಿಸಲು ಹೇಳಿ, ದಣಪೆಯ ಆಚೆಗೆ ಮರಗಳ ನಡುವೆ ತಲೆಯ ಮೇಲೆ ಬುಟ್ಟಿ ಹೊತ್ತು ಸಂಕ ದಾಟುತ್ತಿದ್ದವರನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತನು.

ರಾತ್ರಿ ಮಲಗುವ ಮುನ್ನ ಅವನ ನೋಟುಬುಕ್ಕು ಮೇಜಿನ ಮೇಲೆ ತೆರೆದೇ ಇತ್ತು. ಎರಡು ತಿಂಗಳಿನಿಂದ ಖಾಲಿ ಬಿದ್ದಿದ್ದ ಸಾಲು ತುಂಬಿತ್ತು: “ಫರ್ಗ್ಯುಸನ್ ಟಿಇ-20. ಗುರುತು: ಗೇರಿನ ಕಡ್ಡಿಯ ಮೇಲೆ ಚಾಲಕನ ಕೈ. ಎಡಬದಿಯಲ್ಲಿ ಬುಟ್ಟಿ ಹೊತ್ತ ಇಬ್ಬರು.”